ದೆಹಲಿಯ ಕಾನೂನು, ದೇವನಹಳ್ಳಿಯ ನೋಟಿಸು

ದೇವನಹಳ್ಳಿ ಅಂದರೆ ಈಗಿನ ಹುಡುಗರಿಗೆ ವಿಮಾನ ನಿಲ್ದಾಣ. ಚರಿತ್ರೆ ಓದಿದವರಿಗೆ ಟಿಪ್ಪು ಹುಟ್ಟಿದ ಊರು, ಕೋಟೆ. ತಿನ್ನುವುದರಲ್ಲಿ ಆಸಕ್ತಿ ಇರುವವರಿಗೆ ಚಕ್ಕೋತ. ನನಗೆ ಮಾತ್ರ ಈಚೆಗೆ ಆ ಹೆಸರು ಕೇಳಿದರೆ ನೆನಪಾಗುವುದು 1,777 ಎಕರೆ ಮತ್ತು ಒಂದು ಹಳೇ ಕಾನೂನು. ಎಕರೆಯ ಲೆಕ್ಕ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂತು. ಕಾನೂನಿನ ಕಥೆ ಅಷ್ಟಾಗಿ ಬರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬ್ರಿಟಿಷರ ಭೂಸ್ವಾಧೀನ ಕಾಯ್ದೆ 1894ರದು. ‘ಸಾರ್ವಜನಿಕ ಉದ್ದೇಶ’ ಅಂತ ಸರ್ಕಾರ ಹೇಳಿದರೆ ಮುಗಿಯಿತು, ಜಮೀನು ಹೋದಂತೆಯೇ. ರೈತ ತಕರಾರು ಸಲ್ಲಿಸಬಹುದು, ಪರಿಹಾರ ಕಡಿಮೆಯಾಯಿತು ಅಂತ ಕೋರ್ಟಿಗೆ ಹೋಗಬಹುದು. ‘ಕೊಡಲ್ಲ’ ಅನ್ನುವ ಹಕ್ಕು ಮಾತ್ರ ಇರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ಅರವತ್ತೈದಕ್ಕಿಂತ ಹೆಚ್ಚು ವರ್ಷ ನಾವು ಅದರಲ್ಲೇ ಸಂಸಾರ ಮಾಡಿದೆವು! ಸಿಂಗೂರು, ನಂದಿಗ್ರಾಮಗಳ ಗಲಾಟೆಯೆಲ್ಲ ಆದಮೇಲೆ, 2013ರಲ್ಲಿ ಯುಪಿಎ ಸರ್ಕಾರ ಹೊಸ ಕಾಯ್ದೆ ತಂದಿತು. 2014ರ ಜನವರಿ 1ರಿಂದ ಜಾರಿ. ಖಾಸಗಿ ಕಂಪನಿಗಾದರೆ ಶೇ. 80ರಷ್ಟು ಜನರ ಒಪ್ಪಿಗೆ, ಸರ್ಕಾರ-ಖಾಸಗಿ ಸಹಭಾಗಿತ್ವದ ಯೋಜನೆಗಾದರೆ ಶೇ. 70. ಊರಿನ ಮೇಲೆ ಏನು ಪರಿಣಾಮ ಆಗುತ್ತದೆ ಅಂತ ಮೊದಲೇ ಅಧ್ಯಯನ ಮಾಡಬೇಕು. ಕೂಲಿಯವರಿಗೂ ಪುನರ್ವಸತಿ.

ಒಂದೇ ವರ್ಷ. 2014ರ ಡಿಸೆಂಬರ್ 31ರಂದು ಮೋದಿ ಸರ್ಕಾರ ಸುಗ್ರೀವಾಜ್ಞೆ ತಂದು ಕೈಗಾರಿಕಾ ಕಾರಿಡಾರ್, ರಕ್ಷಣೆ ಮುಂತಾದ ಐದು ಬಗೆಯ ಯೋಜನೆಗಳಿಗೆ ಈ ಒಪ್ಪಿಗೆಯಿಂದ ವಿನಾಯಿತಿ ಕೊಟ್ಟಿತು. ಕಾಂಗ್ರೆಸ್‌ನವರು ‘ಸೂಟು ಬೂಟಿನ ಸರ್ಕಾರ’ ಅಂತ ಕೂಗಿದರು. ಲೋಕಸಭೆ ದಾಟಿದ ಮಸೂದೆ ರಾಜ್ಯಸಭೆ ದಾಟುವ ಹಾಗಿರಲಿಲ್ಲ. ಮೂರು ಸಲ ಸುಗ್ರೀವಾಜ್ಞೆ ಹೊರಡಿಸಿ, ಕೊನೆಗೆ 2015ರ ಆಗಸ್ಟ್ 31ಕ್ಕೆ ಅದು ತಾನಾಗಿ ಬಿದ್ದುಹೋಗಲು ಬಿಟ್ಟರು. ರೈತರು ಗೆದ್ದರು ಅಂತ ಆಗ ನಾವೆಲ್ಲ ಓದಿದೆವು.

ಆದರೆ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಿಗೆ (ಹಾಸನದ ಚನ್ನರಾಯಪಟ್ಟಣ ಅಲ್ಲ ಮಾರಾಯ್ರೆ, ಇದು ದೇವನಹಳ್ಳಿ ತಾಲ್ಲೂಕಿನದು) ನೋಟಿಸು ಬಂದದ್ದು ದೆಹಲಿಯಲ್ಲಿ ಅಷ್ಟೆಲ್ಲ ಜಗಳವಾಡಿದ ಆ ಕಾಯ್ದೆಯ ಕೆಳಗೆ ಅಲ್ಲವೇ ಅಲ್ಲ. ಅದು 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ. ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು ಅಂತ ಇದ್ದಾಗ, ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ ಆದದ್ದು. ಕೆಐಎಡಿಬಿ ಹುಟ್ಟಿದ್ದೂ ಇದರಿಂದಲೇ.

ಇದರ 28ನೇ ಕಲಂ ಓದಿದರೆ 1894ರ ಕಾಯ್ದೆಯ ತಮ್ಮನನ್ನು ನೋಡಿದ ಹಾಗಾಗುತ್ತದೆ. ಮೊದಲು ‘ಈ ಜಮೀನು ಬೇಕಾಗಿದೆ’ ಅಂತ ಅಧಿಸೂಚನೆ. ಆಮೇಲೆ ಮಾಲೀಕರಿಗೆ ನೋಟಿಸು, ತಕರಾರು ಹೇಳಲು ಕನಿಷ್ಠ 30 ದಿನ, ಒಂದು ವಿಚಾರಣೆ. ನಂತರ ಅಂತಿಮ ಅಧಿಸೂಚನೆ. ಅದು ಪ್ರಕಟವಾದ ಕ್ಷಣಕ್ಕೆ ಜಮೀನು ಸರ್ಕಾರದ್ದು! ಉಳಿಯುವುದು ದರದ ಮಾತು ಅಷ್ಟೇ. ಶೇಕಡಾ 80 ಇಲ್ಲ, 70 ಇಲ್ಲ, ಒಪ್ಪಿಗೆ ಅನ್ನುವ ಪದಕ್ಕೆ ಅಲ್ಲಿ ಜಾಗವೇ ಇಲ್ಲ. ಇದು ತನ್ನಷ್ಟಕ್ಕೆ ತಾನೇ ಪರಿಪೂರ್ಣವಾದ ಕಾಯ್ದೆ ಅಂತ ಸುಪ್ರೀಂ ಕೋರ್ಟ್ 2011ರಲ್ಲಿ, ಬೆಂಗಳೂರು-ಮೈಸೂರು ಕಾರಿಡಾರ್ ಜಮೀನಿನ ಮೊಕದ್ದಮೆಯಲ್ಲಿ ಹೇಳಿಬಿಟ್ಟಿತ್ತು. ಹಾಗಾಗಿ 2013ರ ಕಾಯ್ದೆ ಬಂದಾಗಲೂ ಈ ಹಳೇ ಬಾಗಿಲು ತೆರೆದೇ ಇತ್ತು. ಸಾಲದ್ದಕ್ಕೆ, 2013ರ ಕಾಯ್ದೆಗೇ ಕರ್ನಾಟಕ 2019ರಲ್ಲಿ ತನ್ನದೊಂದು ತಿದ್ದುಪಡಿ ತಂದು ಕೆಲವು ಬಗೆಯ ಯೋಜನೆಗಳನ್ನು ಪರಿಣಾಮದ ಅಧ್ಯಯನದಿಂದ ಹೊರಗಿಟ್ಟಿತು. ದೆಹಲಿಯಲ್ಲಿ ಬಿದ್ದುಹೋದದ್ದು ಇಲ್ಲಿ ಎದ್ದು ಕೂತಿತು.

ಈ ಸೀಮೆಗೆ ಜಮೀನು ಕೊಡುವುದು ಹೊಸದಲ್ಲ. 2008ರ ಮೇ ತಿಂಗಳಲ್ಲಿ ಶುರುವಾದ ವಿಮಾನ ನಿಲ್ದಾಣವೇ ಸುಮಾರು 4,000 ಎಕರೆ. ನಿಲ್ದಾಣ ಬೇಡವಾಗಿತ್ತು ಅಂತ ನಾನು ಹೇಳುವುದಿಲ್ಲ, ಅದರಲ್ಲಿ ಹತ್ತಿ ಇಳಿಯುವವನೇ ನಾನೂ. ಆದರೆ ಹರಳೂರು, ಪೋಲನಹಳ್ಳಿ, ನಲ್ಲೂರಿನ ಕಡೆ ರಾಗಿ, ದ್ರಾಕ್ಷಿ, ಹಿಪ್ಪುನೇರಳೆ, ತರಕಾರಿ ಬೆಳೆದು, ಹಾಲು ಕರೆದು ಬದುಕುವವರು ‘ಇನ್ನು ಸಾಕು’ ಅಂದರೆ ಅದನ್ನು ಅಭಿವೃದ್ಧಿ ವಿರೋಧ ಅಂತ ಕರೆಯಲು ನನಗೆ ಬಾಯಿ ಬರುವುದಿಲ್ಲ. ಎಷ್ಟೋ ಮನೆಗಳಲ್ಲಿ ಇರುವುದೇ ಒಂದೆರಡು ಎಕರೆ.

2022ರ ಏಪ್ರಿಲ್‌ನಲ್ಲಿ ಧರಣಿ ಶುರುವಾಯಿತು. ಆಗ ಬಿಜೆಪಿ ಸರ್ಕಾರ. ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರು ರೈತರ ಪರ ಮಾತಾಡಿದರು. 2023ರಲ್ಲಿ ಅವರೇ ಮುಖ್ಯಮಂತ್ರಿಯಾದರು. ಕಡತ ಮಾತ್ರ ನಿಲ್ಲಲಿಲ್ಲ! 2025ರ ಜೂನ್‌ನಲ್ಲಿ ಮೂರು ಹಳ್ಳಿಗಳ 495 ಎಕರೆ ಬಿಡುತ್ತೇವೆ, ಉಳಿದದ್ದು ವೈಮಾನಿಕ ಮತ್ತು ರಕ್ಷಣಾ ಪಾರ್ಕಿಗೆ ಬೇಕೇ ಬೇಕು ಅಂದರು. ಜೂನ್ 25ಕ್ಕೆ ‘ದೇವನಹಳ್ಳಿ ಚಲೋ’, ಪೊಲೀಸರ ಬಂಧನ, ಆಮೇಲೆ ಫ್ರೀಡಂ ಪಾರ್ಕಿನಲ್ಲಿ ಹೋರಾಟ. ಇದರ ನಡುವೆ ಜುಲೈ 2ರಂದು ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ‘ಬೆಂಗಳೂರು ಉತ್ತರ’ ಅಂತ ಹೆಸರಿಡಲು ಒಪ್ಪಿತು. ಹೆಸರಿನಿಂದಲೂ ‘ಗ್ರಾಮ’ ಹೊರಟುಹೋಯಿತು, ನೋಡಿ...

ಜುಲೈ 15ರಂದು, ಧರಣಿಗೆ ಮೂರು ವರ್ಷ ದಾಟಿದ ಮೇಲೆ, ಸ್ವಾಧೀನ ಪೂರ್ತಿ ಕೈಬಿಟ್ಟಿದ್ದೇವೆ, ಸ್ವಂತ ಇಷ್ಟದಿಂದ ಕೊಡುವವರಿಂದ ಮಾತ್ರ ತೆಗೆದುಕೊಳ್ಳುತ್ತೇವೆ ಅಂತ ಮುಖ್ಯಮಂತ್ರಿಗಳು ಘೋಷಿಸಿದರು. ಆಂಧ್ರದ ಸಚಿವ ನಾರಾ ಲೋಕೇಶ್ ತಡಮಾಡದೆ, ವೈಮಾನಿಕ ಕೈಗಾರಿಕೆಗಳು ನಮ್ಮಲ್ಲಿಗೆ ಬರಲಿ ಅಂತ ಕರೆದರು. ಕೈಗಾರಿಕೆ ಪಕ್ಕದ ರಾಜ್ಯಕ್ಕೆ ಹೋದೀತು ಅನ್ನುವ ಭಯ ಸುಳ್ಳೇನಲ್ಲ, ಯಾವ ಪಕ್ಷದ ಸರ್ಕಾರ ಬಂದರೂ 28ನೇ ಕಲಂ ಅಷ್ಟು ಪ್ರೀತಿಯಾಗುವುದು ಆ ಭಯದಿಂದಲೇ.

ಆದರೆ ‘ಇಷ್ಟವಿದ್ದವರು ಮಾತ್ರ’ ಅನ್ನುವುದು ಮುಖ್ಯಮಂತ್ರಿಗಳ ಬಾಯಲ್ಲಿ ಬಂದ ಮಾತು, 1966ರ ಕಾಯ್ದೆಯಲ್ಲಿ ಬರೆದದ್ದಲ್ಲ. ನಾಳೆ ಹೊಸಕೋಟೆಯಲ್ಲೋ ನೆಲಮಂಗಲದಲ್ಲೋ ನೋಟಿಸು ಕೊಟ್ಟರೆ ಆ ರೈತರು ಮತ್ತೆ ಮೂರು ವರ್ಷ ಕೂರಬೇಕೇ? 2013ರ ಶೇ. 80ರ ಒಪ್ಪಿಗೆಯನ್ನು 28ನೇ ಕಲಮಿಗೆ ಸೇರಿಸಲಿ ಅನ್ನುವುದು ನನ್ನ ಬೇಡಿಕೆ. ಅದಕ್ಕೆ ಸಂಸತ್ತು ಬೇಕಿಲ್ಲ, ನಮ್ಮ ವಿಧಾನಸಭೆಯೇ ತಿದ್ದಬಹುದು. ನೀವೇನಂತೀರಿ?