ಸಾಲುಗಳ ನಡುವಿನ ಜಾಗದ ಕತೆ

ಅಕ್ಷರಗಳ ಚರಿತ್ರೆಯನ್ನು ನಾವು ಮಕ್ಕಳಿಗೆ ಪಾಠ ಮಾಡುತ್ತೇವೆ. ಅಕ್ಷರವೇ ಇಲ್ಲದ ಜಾಗಕ್ಕೂ ಒಂದು ಚರಿತ್ರೆ ಇದೆ. ಕನ್ನಡದ ಮಟ್ಟಿಗೆ ಅದು ಖಾಲಿ ಜಾಗವೂ ಅಲ್ಲ. ಇಂಗ್ಲಿಷಿನಲ್ಲಿ ಎರಡು ಸಾಲುಗಳ ನಡುವೆ ಜಿ, ವೈ ಮುಂತಾದ ಕೆಲವು ಅಕ್ಷರಗಳ ಬಾಲ ಮಾತ್ರ ಇಳಿಯುತ್ತದೆ. ನಮ್ಮಲ್ಲಿ ಆ ಜಾಗದಲ್ಲಿ ಒತ್ತಕ್ಷರಗಳು ವಾಸ ಮಾಡುತ್ತವೆ. ‘ರಾಷ್ಟ್ರ’ ಎಂಬ ಪದದಲ್ಲಿ ಷಕಾರದ ಕೆಳಗೆ ಎರಡು ಒತ್ತುಗಳಿಗೆ ಜಾಗ ಬೇಕು.

ತಾಳೆಗರಿಯ ಕಾಲದಲ್ಲಿ ಈ ಜಾಗ ಬಹಳ ದುಬಾರಿಯಾಗಿತ್ತು. ಗರಿಯ ಅಗಲ ಕಡಿಮೆ. ಆದ್ದರಿಂದ ಸಾಲುಗಳನ್ನು ಒತ್ತೊತ್ತಾಗಿ ಕೊರೆಯುತ್ತಿದ್ದರು. ಪದಗಳನ್ನು ಬಿಡಿಸಿ ಬರೆಯುವ ರೂಢಿಯೂ ಇರಲಿಲ್ಲ, ಇಂದಿನಂತೆ ಪ್ಯಾರಾಗಳೂ ಇರಲಿಲ್ಲ.

ನಮ್ಮ ಕಾಸರಗೋಡು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಅದೇ ಜಿಲ್ಲೆಯ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದರು. ಹರ್ಮನ್ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂದದ್ದು ಅಲ್ಲಿಂದಲೇ. ಕಲ್ಲಚ್ಚಿನಲ್ಲಿ ಕೈಬರಹವೇ ಮುದ್ರಣವಾಗುತ್ತದೆ. ಹಾಗಾಗಿ ಸಾಲುಗಳ ಅಂತರ ಬರೆಯುವವನ ಕೈಯಲ್ಲೇ ಇತ್ತು.

ಅಚ್ಚುಮೊಳೆಗಳು ಬಂದ ಮೇಲೆ ಈ ಅಧಿಕಾರ ಮೊಳೆ ಜೋಡಿಸುವವರಿಗೆ ಹೋಯಿತು. ಅವರು ಎರಡು ಸಾಲುಗಳ ನಡುವೆ ಸೀಸದ ತೆಳುವಾದ ಪಟ್ಟಿಗಳನ್ನು ಇಡುತ್ತಿದ್ದರು. ಹೆಚ್ಚು ಅಂತರ ಬೇಕಾದಲ್ಲಿ ಮರದ ಪಟ್ಟಿ. ಸೀಸಕ್ಕೆ ಇಂಗ್ಲಿಷಿನಲ್ಲಿ ಲೆಡ್ ಎನ್ನುತ್ತಾರಲ್ಲವೇ? ಸಾಲುಗಳ ಅಂತರಕ್ಕೆ ‘ಲೆಡಿಂಗ್’ ಎಂಬ ಹೆಸರು ಬಂದದ್ದು ಆ ಪಟ್ಟಿಯಿಂದ. ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದು ಇಂಥ ಕೈಗಳ ದುಡಿಮೆಯಿಂದಲೇ.

ಬೆರಳಚ್ಚು ಯಂತ್ರ ಈ ವಿಷಯವನ್ನು ಸರಳ ಮಾಡಿತು, ಜೊತೆಗೆ ಬಿಗಿಯನ್ನೂ ಮಾಡಿತು. ಸಾಮಾನ್ಯವಾಗಿ ಒಂದು ಇಂಚಿಗೆ ಆರು ಸಾಲು. ಒಂದು, ಒಂದೂವರೆ, ಎರಡು ಎಂಬ ಮೂರೇ ಆಯ್ಕೆ. ತಿದ್ದಲು ಜಾಗ ಇರಲೆಂದು ಹಸ್ತಪ್ರತಿಗಳನ್ನು ಎರಡರ ಅಂತರದಲ್ಲಿ ಹೊಡೆಯುತ್ತಿದ್ದರು. ಪ್ಯಾರಾ ಮುಗಿದರೆ ಒಂದು ಸಾಲು ಖಾಲಿ ಬಿಡುತ್ತಿದ್ದರು. ಇಂದಿಗೂ ಕಂಪ್ಯೂಟರಿನಲ್ಲಿ ಪ್ಯಾರಾ ಮುಗಿದಾಗ ಎಂಟರ್ ಕೀಲಿಯನ್ನು ಎರಡು ಸಲ ಒತ್ತುವ ಅಭ್ಯಾಸ ಅಲ್ಲಿಂದ ಬಂದದ್ದು.

ಕಂಪ್ಯೂಟರಿಗೆ ಈ ಖಾಲಿ ಸಾಲು ಬೇಕಾಗಿಲ್ಲ. ಪ್ಯಾರಾದ ಮೊದಲು ಎಷ್ಟು, ನಂತರ ಎಷ್ಟು ಜಾಗ ಎಂದು ಪಾಯಿಂಟಿನ ಲೆಕ್ಕದಲ್ಲಿ ಹೇಳಿದರೆ ಸಾಕು. 72 ಪಾಯಿಂಟಿಗೆ ಒಂದು ಇಂಚು. ಮೈಕ್ರೋಸಾಫ್ಟ್ ವರ್ಡ್ 2003ರಲ್ಲಿ ನಾವೇನೂ ಹೇಳದಿದ್ದರೆ ಸಾಲಿನ ಅಂತರ ಒಂದು, ಪ್ಯಾರಾದ ನಂತರ ಸೊನ್ನೆ ಇತ್ತು. ವರ್ಡ್ 2007ರಲ್ಲಿ ಅದು 1.15 ಮತ್ತು 10 ಪಾಯಿಂಟ್ ಆಯಿತು. ವರ್ಡ್ 2013ರಲ್ಲಿ 1.08 ಮತ್ತು 8 ಪಾಯಿಂಟ್. ಒಂದೇ ಬರಹ ಒಂದು ಕಂಪ್ಯೂಟರಿನಲ್ಲಿ ಎರಡು ಪುಟ, ಇನ್ನೊಂದರಲ್ಲಿ ಮೂರು ಪುಟ ಆಗಲು ಇಂಥ ಬದಲಾವಣೆಯೂ ಒಂದು ಕಾರಣ.

ಈಗ ನಮ್ಮ ಮಕ್ಕಳ ವಿಷಯಕ್ಕೆ ಬರೋಣ. ಪುಟ ಉಳಿಸಲೆಂದು ಕೆಲವರು ಸಾಲಿನ ಅಂತರವನ್ನು 12 ಪಾಯಿಂಟ್ ಎಂದು ಕಟ್ಟಿಹಾಕುತ್ತಾರೆ. ವರ್ಡಿನಲ್ಲಿ ಇದಕ್ಕೆ ‘ಎಕ್ಸಾಕ್ಟ್ಲಿ’ ಎಂದೂ ಲಿಬ್ರೆ ಆಫೀಸಿನಲ್ಲಿ ‘ಫಿಕ್ಸ್ಡ್’ ಎಂದೂ ಹೆಸರು. 12 ಪಾಯಿಂಟಿನ ಇಂಗ್ಲಿಷ್ ಅಕ್ಷರ ಹೇಗೋ ಹಿಡಿಸುತ್ತದೆ. ಕನ್ನಡದ ಒತ್ತಕ್ಷರ ಮಾತ್ರ ಕತ್ತರಿಸಿ ಹೋಗುತ್ತದೆ, ಇಲ್ಲವೇ ಕೆಳಗಿನ ಸಾಲಿನ ತಲೆಯ ಮೇಲೆ ಕೂರುತ್ತದೆ. ಒತ್ತು ಕಾಣದಿದ್ದರೆ ‘ಕತ್ತೆ’ ಕತೆಯಾಗುತ್ತದೆ, ‘ಮಗ್ಗ’ ಮಗನಾಗುತ್ತಾನೆ. ದೊಡ್ಡವರು ಊಹಿಸಿ ಓದಿಯಾರು. ಈಗಷ್ಟೇ ಕೂಡಿಸಿ ಓದಲು ಕಲಿಯುತ್ತಿರುವ ಮಗು ಏನು ಮಾಡಬೇಕು? ಮನೆಯಲ್ಲಿ ತುಳುವೋ ಮರಾಠಿಯೋ ಮಲಯಾಳವೋ ಆಡಿ, ಶಾಲೆಯಲ್ಲಿ ಮಾತ್ರ ಕನ್ನಡ ಓದುವ ಮಗುವಿಗೆ ಆ ಕಾಗದವೇ ಭಾಷೆ.

ಪರಿಹಾರ ಕಷ್ಟವೇನಲ್ಲ. ಪ್ಯಾರಾಗ್ರಾಫ್ ಪೆಟ್ಟಿಗೆಯಲ್ಲಿ ‘ಎಟ್ ಲೀಸ್ಟ್’ ಆರಿಸಿದರೆ ಅಕ್ಷರಶೈಲಿಗೆ ಬೇಕಾದಷ್ಟು ಸಾಲು ತಾನೇ ಹಿಗ್ಗುತ್ತದೆ. ಎಲ್ಲ ಸಾಲೂ ಒಂದೇ ಸಮ ಕಾಣಬೇಕಿದ್ದರೆ ‘ಫಿಕ್ಸ್ಡ್’ ಬೇಡ, ‘ಪ್ರಪೋರ್ಷನಲ್’ ಇಟ್ಟು ಶೇಕಡಾ ಲೆಕ್ಕದಲ್ಲಿ ಏರಿಸಬಹುದು. ವರ್ಡಿನಲ್ಲಿ ಕಂಟ್ರೋಲ್ ಜೊತೆ 1 ಒತ್ತಿದರೆ ಒಂದರ ಅಂತರ, 5 ಒತ್ತಿದರೆ ಒಂದೂವರೆ, 2 ಒತ್ತಿದರೆ ಎರಡು. ಬೆರಳಚ್ಚು ಯಂತ್ರದ ಆ ಮೂರು ಆಯ್ಕೆಗಳೇ ಇಲ್ಲಿ ಮತ್ತೆ ಬಂದಿವೆ.

ಕೇರಳದ ಶಾಲೆಗಳಲ್ಲಿ ಬಳಕೆಯಲ್ಲಿರುವ ಲಿಬ್ರೆ ಆಫೀಸ್ ರೈಟರಿನ ಆ ಪಟ್ಟಿಯನ್ನು ಒಮ್ಮೆ ತೆರೆದು ನೋಡಿ. ‘ಲೆಡಿಂಗ್’ ಎಂಬ ಹೆಸರು ಇನ್ನೂ ಅಲ್ಲಿದೆ. ಸೀಸ ಹೋಯಿತು, ಹೆಸರು ಉಳಿಯಿತು. ಮೊಳೆ ಜೋಡಿಸುವವರ ಕೈಯಲ್ಲಿದ್ದ ಆ ಪಟ್ಟಿ ಈಗ ಪ್ರಶ್ನೆಪತ್ರಿಕೆ ಟೈಪ್ ಮಾಡುವ ನಮ್ಮೆಲ್ಲರ ಕೈಗೆ ಬಂದಿದೆ. ಒತ್ತಕ್ಷರ ಉಸಿರಾಡುವಷ್ಟು ಜಾಗ ಬಿಡೋಣ.