ಪುಲಕೇಶಿಗೆ ನಾಲ್ಕು ಚೀನೀ ಅಕ್ಷರ

ಅದು 2020. ಗಲ್ವಾನ್‌ನಲ್ಲಿ ನಮ್ಮ 20 ಯೋಧರು ಪ್ರಾಣ ಕೊಟ್ಟ ವರ್ಷ. ಅದೇ ವರ್ಷ ನನ್ನ ಮಗಳು ದಿಲ್ಲಿ ವಿಶ್ವವಿದ್ಯಾಲಯದ ಪೂರ್ವ ಏಷ್ಯಾ ಅಧ್ಯಯನ ವಿಭಾಗಕ್ಕೆ ಸೇರ್ತೀನಿ, ಚೀನಾದ ಇತಿಹಾಸ ಓದ್ತೀನಿ ಅಂತ ಹಟ ಹಿಡಿದಳು. ಸುದ್ದಿ ಬಾದಾಮಿ ಕಡೆಯ ನಮ್ಮೂರಿಗೂ ಮುಟ್ಟಿತು. ಅಣ್ಣ ಫೋನ್ ಹಚ್ಚಿದ.

"ಅಲ್ಲೋ ತಮ್ಮಾ, ಗಡಿಯಾಗ ನಮ್ಮ ಹುಡುಗರನ್ನ ಕೊಂದಾರ, ನಿನ್ನ ಮಗಳು ಅವರ ಇತಿಹಾಸ ಓದಬೇಕೇನು? ಬ್ಯಾರೆ ಏನೂ ಸಿಗಲಿಲ್ಲೇನು ಆಕಿಗೆ?"

ಅಣ್ಣ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿದವನು. ನಾನು ಈ ದಿಲ್ಲಿಯಲ್ಲಿ ಮೂವತ್ತೈದು ವರ್ಷ ಗುಮಾಸ್ತಿಕೆ ಮಾಡಿದವನು. ಏನಂತ ಉತ್ತರ ಕೊಡಲಿ? ಸುಮ್ಮನಾದೆ. ಆದರೆ ಮಗಳ ಪುಸ್ತಕಗಳನ್ನು ತಿರುವಿ ಹಾಕುತ್ತಾ ಹೋದಂತೆ ಒಂದು ವಿಷಯ ಗೊತ್ತಾಯಿತು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಚೀನಾದ ಓದು ಎರಡು ಸಲ ಶುರುವಾಗಿದೆ. ಒಂದು ಸಲ ಪ್ರೀತಿಯಿಂದ, ಇನ್ನೊಂದು ಸಲ ಪೆಟ್ಟು ತಿಂದು.

ಪ್ರೀತಿಯದು ಶಾಂತಿನಿಕೇತನದ ಕಥೆ. 1921ರಲ್ಲಿ ರವೀಂದ್ರನಾಥ ಟಾಗೋರರು ಫ್ರೆಂಚ್ ವಿದ್ವಾಂಸ ಸಿಲ್ವಾ ಲೆವಿಯವರನ್ನು ಅಲ್ಲಿಗೆ ಕರೆಸಿದರು. ಅವರ ಬಳಿ ಚೀನೀ ಕಲಿತವರಲ್ಲಿ ಪ್ರಬೋಧಚಂದ್ರ ಬಾಗ್ಚಿ ಒಬ್ಬರು. 1924ರಲ್ಲಿ ಟಾಗೋರರೇ ಚೀನಾಕ್ಕೆ ಹೋಗಿ ಬಂದರು. 1928ರಲ್ಲಿ ಹುನಾನ್ ಪ್ರಾಂತದ ತಾನ್ ಯುನ್-ಶಾನ್ ಎಂಬ ತರುಣ ಶಾಂತಿನಿಕೇತನಕ್ಕೆ ಬಂದರು. ಮುಂದೆ ಅವರೇ ತಮ್ಮ ದೇಶದಲ್ಲಿ ಓಡಾಡಿ ಹಣ, ಪುಸ್ತಕ ಕೂಡಿಸಿದರು. 1937ರ ಏಪ್ರಿಲ್ 14ರಂದು ಚೀನಾ ಭವನ ತೆರೆಯಿತು. ಅಲ್ಲಿನ ಓದಿನಲ್ಲಿ ಬೌದ್ಧ ಗ್ರಂಥಗಳದೇ ದೊಡ್ಡ ಪಾಲು. ಅದಕ್ಕೆ ಕಾರಣವೂ ಇದೆ. ಸಂಸ್ಕೃತದ ಮೂಲ ಕಳೆದುಹೋಗಿ ಚೀನೀ ಅನುವಾದದಲ್ಲಿ ಉಳಿದುಕೊಂಡ ನಮ್ಮ ಗ್ರಂಥಗಳು ಎಷ್ಟೋ ಇವೆ.

ಆಮೇಲೆ 1962. ಯುದ್ಧದ ಜೊತೆಗೆ ಇಲ್ಲೇ ಹುಟ್ಟಿ ಬೆಳೆದಿದ್ದ ಚೀನೀ ಮೂಲದವರ ಮೇಲೂ ಸಂಶಯ ಬಂತು. ಸುಮಾರು 3,000 ಜನರನ್ನು, ಮಕ್ಕಳು ಮುದುಕರು ಅನ್ನದೆ, ರಾಜಸ್ಥಾನದ ದೇವಲಿ ಶಿಬಿರದಲ್ಲಿ ಕೂಡಿಹಾಕಿದರು. ಅದೇ ಹೊತ್ತಿಗೆ ಇನ್ನೊಂದು ಅರಿವೂ ಆಯಿತು. ಈಗಿನ ಚೀನಾ ಅಂದರೆ ಏನು ಅಂತ ತಿಳಿದವರು ನಮ್ಮಲ್ಲಿ ತೀರಾ ಕಡಿಮೆ! 1964ರಲ್ಲಿ ದಿಲ್ಲಿ ವಿಶ್ವವಿದ್ಯಾಲಯದಲ್ಲಿ ಚೀನಾ ಅಧ್ಯಯನ ಕೇಂದ್ರ ಶುರುವಾಯಿತು. ಅಮೆರಿಕದ ಫೋರ್ಡ್ ಫೌಂಡೇಶನ್ ಹಣ ಕೊಟ್ಟಿತು. ನನ್ನ ಮಗಳು ಓದಿದ ವಿಭಾಗದ ಬೇರು ಅದು.

ಇಷ್ಟಾದರೂ ತಾನ್ ಯುನ್-ಶಾನ್ ಭಾರತ ಬಿಡಲಿಲ್ಲ. 1983ರಲ್ಲಿ ಬೋಧಗಯೆಯಲ್ಲೇ ತೀರಿಕೊಂಡರು. ಅವರ ಮಗ ತಾನ್ ಚುಂಗ್ ದಿಲ್ಲಿ ವಿಶ್ವವಿದ್ಯಾಲಯದಲ್ಲೂ ಜೆಎನ್‌ಯುನಲ್ಲೂ ಪಾಠ ಹೇಳಿದರು, ಅಫೀಮು ಯುದ್ಧದ ಬಗ್ಗೆ ಪುಸ್ತಕ ಬರೆದರು. ಆ ಅಫೀಮು ಬೆಳೆದಿದ್ದು ಎಲ್ಲಿ? ನಮ್ಮ ಬಿಹಾರ, ಮಾಳವದ ಹೊಲಗಳಲ್ಲಿ. ಆ ಯುದ್ಧದಲ್ಲಿ ಬ್ರಿಟಿಷರ ಪರವಾಗಿ ಬಂದೂಕು ಹಿಡಿದವರಲ್ಲಿ ಮದ್ರಾಸ್ ಪಡೆಯ ಸಿಪಾಯಿಗಳೂ ಇದ್ದರು. ನಾವು ಮರೆತ ಈ ಅಧ್ಯಾಯ ಅವರ ಇತಿಹಾಸದಲ್ಲಿದೆ.

ಎರಡನೇ ವರ್ಷದ ದೀಪಾವಳಿಗೆ ಊರಿಗೆ ಹೋಗಿದ್ದೆವು. ಮಗಳು ಅಣ್ಣನ ಪಕ್ಕದಲ್ಲಿ ಕೂತು ಕೇಳಿದಳು, "ದೊಡ್ಡಪ್ಪಾ, ನೀವು ಇಮ್ಮಡಿ ಪುಲಕೇಶಿ ಪಾಠದಾಗ ಹ್ಯೂಯೆನ್ ತ್ಸಾಂಗ್ ಹೆಸರು ಹೇಳ್ತಿದ್ರಲ್ಲ, ಅವನ ಮಾತು ಯಾವ ಭಾಷೆಯೊಳಗ ಓದಿದ್ರಿ?"

ಅಣ್ಣ ನಕ್ಕ. "ಕನ್ನಡದಾಗ. ಅದು ಇಂಗ್ಲಿಷಿನಿಂದ ಬಂದದ್ದು."

ಅಷ್ಟೇ ಅಲ್ಲವಾ? ಶ್ವೆನ್‌ಜಾಂಗ್ (ಹೆಸರನ್ನು ಹೀಗೆ ಹೇಳಬೇಕಂತೆ) ದಖ್ಖನ್ನಿಗೆ ಬಂದದ್ದು 641ರ ಸುಮಾರಿಗೆ. ಹರ್ಷನಿಗೂ ಈ ರಾಜನನ್ನು ಬಗ್ಗಿಸಲು ಆಗಲಿಲ್ಲ ಅಂತ ಬರೆದ. ಉಪಕಾರ ಮಾಡಿದವರನ್ನು ಈ ಜನ ಮರೆಯುವುದಿಲ್ಲ, ಅವಮಾನ ಮಾಡಿದವರನ್ನು ಬಿಡುವುದಿಲ್ಲ ಅಂತಲೂ ಬರೆದ. 634ರ ಐಹೊಳೆ ಶಾಸನ ಹರ್ಷನ ಸೋಲನ್ನು ಹೇಳುತ್ತದೆ, ಆದರೆ ಅದು ಆಸ್ಥಾನದ ಕವಿ ರವಿಕೀರ್ತಿಯ ಹೊಗಳಿಕೆ. ಹೊರಗಿನವನೊಬ್ಬನ ಸಾಕ್ಷಿ ಚೀನೀ ಭಾಷೆಯಲ್ಲಿದೆ. ಅದನ್ನು ಫ್ರೆಂಚಿನ ಸ್ತಾನಿಸ್ಲಾಸ್ ಜೂಲಿಯೆನ್, 1884ರಲ್ಲಿ ಇಂಗ್ಲಿಷಿನ ಸ್ಯಾಮ್ಯುಯೆಲ್ ಬೀಲ್ ಓದಿ ಹೇಳಿದರು. ನಾವು ಅವರ ಮಾತು ನಂಬಿ ಪರೀಕ್ಷೆ ಬರೆದೆವು.

ಮಗಳು ಹಾಳೆಯ ಮೇಲೆ ನಾಲ್ಕು ಅಕ್ಷರ ಬರೆದು ಒಂದೊಂದಕ್ಕೂ ಬೆರಳಿಟ್ಟು ಓದಿದಳು. ಬು... ಲ್ವೊ... ಜೀ... ಶ. ಪುಲಕೇಶಿ!

ಅಣ್ಣ ಕನ್ನಡಕ ಸರಿಮಾಡಿಕೊಂಡ. ಬಹಳ ಹೊತ್ತು ಆ ಹಾಳೆ ನೋಡಿದ. "ಇನ್ನೊಮ್ಮೆ ಓದವ್ವಾ" ಅಂದ.

ಗಲ್ವಾನಿನ ಸಿಟ್ಟು ಅವನಿಗೆ ಈಗಲೂ ಹೋಗಿಲ್ಲ, ನನಗೂ ಹೋಗಿಲ್ಲ. ಹೋಗಬೇಕಾಗಿಯೂ ಇಲ್ಲ. ಆದರೆ ಸ್ನೇಹವಿರಲಿ, ಜಗಳವಿರಲಿ, ಪಕ್ಕದ ಮನೆಯವನ ಮಾತು ತಿಳಿಯದೆ ಎಷ್ಟು ದಿನ ಅಂತ ಇರೋದು? ಅದೂ ನಮ್ಮ ಮನೆಯ ಕಾಗದಪತ್ರ ಅವನ ಪೆಟ್ಟಿಗೆಯಲ್ಲಿ ಇರುವಾಗ...

ಆ ಹಾಳೆ ಈಗಲೂ ಅಣ್ಣನ ಹಳೇ ಪಠ್ಯಪುಸ್ತಕದೊಳಗೆ ಇದೆ.