ಬಸವನಗುಡಿಯ ಹೈಸ್ಕೂಲು ಮೇಷ್ಟ್ರು, ಹೈಸ್ಕೂಲು ಹುಡುಗರು

ಬಸವನಗುಡಿಗೆ ಬಂದವರು ಗಾಂಧಿಬಜಾರಿನಲ್ಲಿ ದೋಸೆ ತಿನ್ನುತ್ತಾರೆ, ದೊಡ್ಡ ಬಸವಣ್ಣನಿಗೆ ಕೈ ಮುಗಿಯುತ್ತಾರೆ, ಕಾರ್ತಿಕ ಮಾಸವಾಗಿದ್ದರೆ ಪರಿಷೆಯಲ್ಲಿ ಒಂದೆರಡು ಸೇರು ಕಡಲೆಕಾಯಿ ಕೊಂಡು ಮನೆಗೆ ಹೋಗುತ್ತಾರೆ. ದೋಸೆ ತಿಂದ ಹೋಟೆಲಿನ ಹೆಸರು ವಿದ್ಯಾರ್ಥಿ ಭವನ. 1943ರ ಸುಮಾರಿಗೆ ಅದು ಶುರುವಾದದ್ದೇ ಸುತ್ತಮುತ್ತಲ ಶಾಲೆಗಳ ಹುಡುಗರಿಗೆ ತಿಂಡಿ ಕಾಫಿ ಕೊಡುವುದಕ್ಕೆ. ಅಲ್ಲಿನ ಬೆಣ್ಣೆ, ಚಟ್ನಿ, ಒಂದು ಕೈಯಲ್ಲಿ ಹತ್ತಾರು ತಟ್ಟೆ ಹೊತ್ತು ಬರುವ ಸಪ್ಲೈಯರ್‌ಗಳ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಆ ವಿದ್ಯಾರ್ಥಿಗಳು ಯಾವ ಶಾಲೆಯವರು, ಅವರಿಗೆ ಪಾಠ ಹೇಳಿದ ಮೇಷ್ಟ್ರುಗಳು ಎಂಥವರು ಎನ್ನುವುದನ್ನೂ ಸ್ವಲ್ಪ ಬರೆಯಬೇಕು.

ಮೊದಲು ಊರು. ಊರು ಎಂದರೆ ಇಲ್ಲಿನ ಹಳಬರು ಒಪ್ಪುತ್ತಾರೆ, ಬಡಾವಣೆ ಎಂದರೆ ಮುಖ ಸಿಂಡರಿಸುತ್ತಾರೆ. ಇದು ಸುಂಕೇನಹಳ್ಳಿಯ ಸೀಮೆ. ಕಡಲೆಕಾಯಿ ಹೊಲಕ್ಕೆ ನುಗ್ಗುತ್ತಿದ್ದ ಬಸವನ ಕಥೆ, ಕೆಂಪೇಗೌಡರು ಕಟ್ಟಿಸಿದ ಗುಡಿ, ಕಾರ್ತಿಕದ ಕಡೆಯ ಸೋಮವಾರದ ಪರಿಷೆ, ಇವೆಲ್ಲ ಆ ಹಳ್ಳಿಯ ಕಾಲದ ಆಸ್ತಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟಿನ ಬೀದಿಗಳಲ್ಲಿ ಇಲಿ ಬಿದ್ದ ಮನೆಗಳಿಗೆ ಬೀಗ ಹಾಕಿ ಜನ ಬಯಲಿಗೆ ಓಡಿದರು. ಗಾಳಿ ಬೆಳಕು ಆಡುವ ಹಾಗೆ ಅಗಲ ರಸ್ತೆಗಳನ್ನು ಹಾಕಿ ಸರ್ಕಾರ ಉತ್ತರಕ್ಕೆ ಮಲ್ಲೇಶ್ವರವನ್ನೂ ದಕ್ಷಿಣಕ್ಕೆ ಬಸವನಗುಡಿಯನ್ನೂ ಬೆಳೆಸಿತು. ನಿವೇಶನ ಕೊಂಡವರಲ್ಲಿ ಹೆಚ್ಚಿನವರು ಗುಮಾಸ್ತರು, ವಕೀಲರು, ಅಮಲ್ದಾರಿಕೆಯಿಂದ ನಿವೃತ್ತರಾದವರು, ಮೇಷ್ಟ್ರುಗಳು. ಓದಿನಿಂದಲೇ ಅನ್ನ ಕಂಡವರು ಮನೆ ಕಟ್ಟಿದ ಮೇಲೆ ಮುಂದಿನ ಕೆಲಸ ಶಾಲೆ ಕಟ್ಟುವುದೇ ತಾನೆ. ಹೆಣ್ಣುಮಕ್ಕಳಿಗಾಗಿ ಮಹಿಳಾ ಸೇವಾ ಸಮಾಜ 1913ರಲ್ಲೇ ಬಂತು. ಹುಡುಗಿಯರನ್ನು ಹೈಸ್ಕೂಲಿಗೆ ಕಳಿಸುವುದು ಆಸ್ತಿವಂತರ ಮನೆಯಲ್ಲೂ ಚರ್ಚೆಯ ವಿಷಯವಾಗಿದ್ದ ಕಾಲ ಅದು.

ನ್ಯಾಷನಲ್ ಹೈಸ್ಕೂಲು ಹುಟ್ಟಿದ್ದು 1917ರಲ್ಲಿ. ಆನಿ ಬೆಸೆಂಟ್ ಅವರ ರಾಷ್ಟ್ರೀಯ ಶಿಕ್ಷಣದ ಚಳವಳಿ ಅದಕ್ಕೆ ತಾಯಿಬೇರು. ಅದೇ ವರ್ಷ ಮದರಾಸು ಸರ್ಕಾರ ಬೆಸೆಂಟರನ್ನು ಊಟಿಯಲ್ಲಿ ಬಂಧನದಲ್ಲಿಟ್ಟಿತ್ತು, ವರ್ಷದ ಕೊನೆಗೆ ಅವರು ಕಾಂಗ್ರೆಸ್ಸಿನ ಅಧ್ಯಕ್ಷೆಯಾದರು. ಹೆಸರಿನಲ್ಲೇ ‘ನ್ಯಾಷನಲ್’ ಎಂದು ಬರೆದುಕೊಂಡ ಶಾಲೆಗೆ ಮಕ್ಕಳನ್ನು ಕಳಿಸುವುದಕ್ಕೆ ಸರ್ಕಾರಿ ನೌಕರಿಯಲ್ಲಿದ್ದ ತಂದೆತಾಯಿಗೆ ಆಗ ಸ್ವಲ್ಪ ಗುಂಡಿಗೆ ಬೇಕಾಗಿತ್ತು. ಕೆ. ಸಂಪದ್ಗಿರಿರಾಯರು ಹೆಡ್‌ಮೇಷ್ಟ್ರಾಗಿದ್ದ ಕಾಲದಲ್ಲಿ ಶಾಲೆಗೆ ಅದರದೇ ಒಂದು ನಡೆ ಬಂತು. ಖಾದಿಯನ್ನೂ ಶಿಸ್ತನ್ನೂ ಒಟ್ಟಿಗೆ ಇಟ್ಟುಕೊಂಡ ಮೇಷ್ಟ್ರು ಅವರು. 1945ರಲ್ಲಿ ನ್ಯಾಷನಲ್ ಕಾಲೇಜು ಶುರುವಾದಾಗ ಅದನ್ನು ನಡೆಸುವುದಕ್ಕೂ ಅವರೇ ಬೇಕಾದರು.

ಈ ಶಾಲೆಯ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡವರಾಗಿ ಕಾಣುವವರು ಬೇರೊಬ್ಬ ಮೇಷ್ಟ್ರು. ಅವರ ಹೆಸರಿನಲ್ಲಿ ಸರ್ಕಲ್ ಇಲ್ಲ, ರಸ್ತೆಯಿಲ್ಲ. ಎಂ.ಎಸ್. ನಾರಾಯಣರಾಯರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಮೇಷ್ಟ್ರಾಗಿದ್ದವರು. ಹೊಸೂರು ತೆಲುಗು ಮಾತಾಡುವ ಬಯಲುಸೀಮೆಯ ಊರು. ಅಲ್ಲಿನ ಶಾಲೆ ಮಿಡ್ಲ್ ಸ್ಕೂಲಿಗೆ ಮುಗಿಯುತ್ತಿತ್ತು, ಅದರಾಚೆ ಓದಬೇಕೆಂದರೆ ಊರು ಬಿಡಬೇಕು. ಅವರ ತರಗತಿಯಲ್ಲಿ ಒಬ್ಬ ಹುಡುಗನಿದ್ದ. 1920ರಲ್ಲಿ ಹುಟ್ಟಿದವನು, ಅಪ್ಪ ಹಳ್ಳಿಯ ಕೂಲಿಮಠದ ಅಯ್ಯನೋರು, ಅಮ್ಮ ಕೂಲಿ ಮಾಡುವವರು. ಹುಡುಗ ಚೂಟಿ, ಮನೆಯಲ್ಲಿ ಕಾಸಿಲ್ಲ. ನಾರಾಯಣರಾಯರು ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಬಂದ ಮೇಲೂ ಆ ಹುಡುಗನನ್ನು ಮರೆಯಲಿಲ್ಲ. ಬಾ, ಇಲ್ಲಿ ಸೇರಿಸೋಣ ಎಂದು ಕರೆದರು.

ಗೌರಿಬಿದನೂರಿಗೆ ರೈಲಿತ್ತು, ಟಿಕೆಟ್ಟಿಗೆ ದುಡ್ಡಿರಲಿಲ್ಲ. 1935ರಲ್ಲಿ ಹುಡುಗ ನಡೆದೇ ಹೊರಟ. ಸುಮಾರು 85 ಕಿಲೋಮೀಟರು, ಎರಡು ದಿನದ ನಡಿಗೆ. ಹೊಸೂರು ನರಸಿಂಹಯ್ಯ ಹೀಗೆ ಬೆಂಗಳೂರಿಗೆ ಬಂದರು. ಮುಂದೆ ಊರಿಗೆಲ್ಲ ‘ಎಚ್ಚೆನ್’ ಆದ ಎಚ್. ನರಸಿಂಹಯ್ಯನವರು ಇವರೇ. ಈ ನಡಿಗೆಯ ಕಥೆಯನ್ನು ಭಾಷಣಗಳಲ್ಲಿ ಹೇಳುವವರು ಹುಡುಗನ ಛಲವನ್ನು ಹೊಗಳಿ ಮುಗಿಸುತ್ತಾರೆ. ಛಲ ಇತ್ತು, ಸರಿ. ಆದರೆ ಛಲವಿದ್ದ ಹುಡುಗರು ಆ ತಾಲ್ಲೂಕಿನಲ್ಲಿ ಇನ್ನೂ ಎಷ್ಟೋ ಮಂದಿ ಇದ್ದಿರಬೇಕು. ಬಾ ಎಂದು ಕರೆದ ಮೇಷ್ಟ್ರು ಎಲ್ಲರಿಗೂ ಸಿಗಲಿಲ್ಲ.

ಬಂದ ಹುಡುಗ ಉಳಿಯುವುದೆಲ್ಲಿ, ಉಣ್ಣುವುದೆಲ್ಲಿ? ಆಗಿನ ಬೆಂಗಳೂರಿನಲ್ಲಿ ಹೈಸ್ಕೂಲಿನ ಫೀಜಿಗಿಂತ ದೊಡ್ಡ ಪ್ರಶ್ನೆ ಇದು. ಬಸವನಗುಡಿ, ಚಾಮರಾಜಪೇಟೆಯ ಮನೆಗಳಲ್ಲಿ ವಾರಾನ್ನದ ಪದ್ಧತಿ ಇತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ಮನೆ ಗೊತ್ತುಮಾಡಿಕೊಂಡು ಓದು ಮುಗಿಸಿದವರು ಬಹಳ ಮಂದಿ. ಒಂದು ವಾರ ತಪ್ಪಿದರೆ ಅಂದು ಹೊಟ್ಟೆಗೆ ತಣ್ಣೀರು ಬಟ್ಟೆ. ಈ ಪದ್ಧತಿಯನ್ನು ಹೊಗಳುವವರು ಅದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು: ವಾರದ ಮನೆಯ ಹೊಸ್ತಿಲು ಜಾತಿ ನೋಡಿಯೇ ತೆರೆಯುತ್ತಿತ್ತು. ಉಳಿದ ಹುಡುಗರಿಗೆ ಹಾಸ್ಟೆಲುಗಳೇ ಗತಿ. ಗುಬ್ಬಿ ತೋಟದಪ್ಪನವರ ಛತ್ರ ಮತ್ತು ಉಚಿತ ವಿದ್ಯಾರ್ಥಿ ನಿಲಯ, 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘದ ಹಾಸ್ಟೆಲು, ಮತ್ತೆ ಬೇರೆ ಬೇರೆ ಸಮುದಾಯಗಳ ನಿಲಯಗಳು ಇಲ್ಲದಿದ್ದರೆ ಹಳೆಯ ಮೈಸೂರು ಸೀಮೆಯ ಹಳ್ಳಿ ಹುಡುಗರಿಗೆ ಬೆಂಗಳೂರಿನ ಹೈಸ್ಕೂಲು ಹೊರಗಿನಿಂದ ನೋಡುವ ಕಟ್ಟಡವಾಗಿಯೇ ಉಳಿಯುತ್ತಿತ್ತು. ಎಚ್ಚೆನ್ ಕೂಡ ಹೀಗೆ ಬಡ ವಿದ್ಯಾರ್ಥಿಗಳ ನಿಲಯದಲ್ಲಿದ್ದು ಓದಿದವರು.

1936ರಲ್ಲಿ ಗಾಂಧೀಜಿ ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದು ಬೆಂಗಳೂರಿಗೆ ಬಂದರು, ನ್ಯಾಷನಲ್ ಹೈಸ್ಕೂಲಿಗೂ ಬಂದರು. ಅವರು ಮಾತಾಡಿದ್ದು ಹಿಂದಿಯಲ್ಲಿ. ಅದನ್ನು ಸಭೆಗೆ ಕನ್ನಡದಲ್ಲಿ ಹೇಳುವ ಕೆಲಸಕ್ಕೆ ಶಾಲೆಯವರು ಆರಿಸಿದ್ದು ಹೊಸೂರಿನ ಈ ಹುಡುಗನನ್ನು. ಮನೆಮಾತು ತೆಲುಗು, ಹಿಂದಿ ಕಲಿತು ಇನ್ನೂ ಹಳತಾಗಿಲ್ಲ, ಎದುರಿಗೆ ಗಾಂಧಿ. ಮೇಷ್ಟ್ರುಗಳು ತಾವೇ ಎದ್ದು ನಿಂತು ಅನುವಾದ ಮಾಡಬಹುದಾಗಿತ್ತು. ಅಂಥ ಗಳಿಗೆಯಲ್ಲಿ ಹಿಂದೆ ಸರಿದು ಹುಡುಗನನ್ನು ಮುಂದಕ್ಕೆ ತಳ್ಳಿದರಲ್ಲ, ಶಾಲೆಯ ಸಾಧನೆ ಎಂದರೆ ನನಗೆ ಮೊದಲು ನೆನಪಾಗುವುದು ಇದು. ಆ ದಿನದ ಗುರುತು ಹುಡುಗನ ಮೈಮೇಲೆ ಕೊನೆಯವರೆಗೂ ಉಳಿಯಿತು. ಖಾದಿ ಜುಬ್ಬ, ಪಂಚೆ, ಗಾಂಧಿ ಟೋಪಿ. 1942ರಲ್ಲಿ ಸೆಂಟ್ರಲ್ ಕಾಲೇಜಿನ ಓದು ಬಿಟ್ಟು ಚಳವಳಿಗೆ ಇಳಿದು ಜೈಲಿಗೂ ಹೋಗಿಬಂದರು.

ಈಗ ಇನ್ನೊಂದು ಶಾಲೆ. ಆಚಾರ್ಯ ಪಾಠಶಾಲೆಯನ್ನು ಎನ್. ಅನಂತಾಚಾರ್ ಅವರು 1935ರಲ್ಲಿ ಶುರುಮಾಡಿದರು, ಎಚ್ಚೆನ್ ನಡೆದು ಬಂದ ವರ್ಷವೇ. ಅಲ್ಲಿ ಓದಿದವರಲ್ಲಿ ಇಬ್ಬರನ್ನು ಹೇಳಿದರೆ ಸಾಕು. ಒಬ್ಬರು 1933ರಲ್ಲಿ ಹುಟ್ಟಿದ ರೊದ್ದಂ ನರಸಿಂಹ, ಇನ್ನೊಬ್ಬರು 1934ರಲ್ಲಿ ಇದೇ ಬಸವನಗುಡಿಯಲ್ಲಿ ಹುಟ್ಟಿದ ಸಿ.ಎನ್.ಆರ್. ರಾವ್. ಒಬ್ಬರು ಗಾಳಿಯ ಸುಳಿಗಳನ್ನೂ ವಿಮಾನದ ರೆಕ್ಕೆಯನ್ನೂ ಅರ್ಥಮಾಡಿಕೊಳ್ಳುವುದರಲ್ಲಿ ಆಯುಸ್ಸು ಕಳೆದು ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ನಿರ್ದೇಶಕರಾದರು; ಇನ್ನೊಬ್ಬರಿಗೆ ಘನವಸ್ತುಗಳ ರಸಾಯನಶಾಸ್ತ್ರ ಭಾರತರತ್ನದವರೆಗೆ ದಾರಿ ತೋರಿಸಿತು. ರಾಯರ ತಂದೆ ಶಾಲಾ ಇನ್ಸ್‌ಪೆಕ್ಟರು. ಮಗ ಕನ್ನಡದಲ್ಲೇ ಓದಬೇಕೆಂಬ ಹಟದವರು. ಹುಡುಗ ಹತ್ತನೆಯ ವಯಸ್ಸಿಗೆ ಲೋಯರ್ ಸೆಕೆಂಡರಿಯನ್ನು ಮೊದಲ ದರ್ಜೆಯಲ್ಲಿ ಮುಗಿಸಿದಾಗ ಅಪ್ಪ ಕೊಟ್ಟ ಬಹುಮಾನ ನಾಲ್ಕಾಣೆ. ಸರ್ ಸಿ.ವಿ. ರಾಮನ್ ಶಾಲೆಗೆ ಬಂದು ಮಾತಾಡಿ, ಕೆಲವು ಹುಡುಗರನ್ನು ತಮ್ಮ ಪ್ರಯೋಗಾಲಯ ನೋಡಲು ಕರೆದರು, ವಿಜ್ಞಾನದ ಕಡೆ ತಮ್ಮ ಮನಸ್ಸು ತಿರುಗಿದ್ದು ಆಗ ಎಂದು ರಾಯರು ನೆನೆದಿದ್ದಾರೆ. ನೊಬೆಲ್ ಬಂದವರನ್ನು ಹೈಸ್ಕೂಲಿಗೆ ಕರೆಯುವ ಧೈರ್ಯ ಆ ಮೇಷ್ಟ್ರುಗಳಿಗಿತ್ತು, ಬರುವ ಪುರುಸೊತ್ತು ರಾಮನ್ನರಿಗಿತ್ತು.

ಎಲ್ಲರೂ ಪಾಸಾದವರೇ ಎಂದುಕೊಳ್ಳಬೇಡಿ. ಈ ಊರಿನಲ್ಲಿ ಅತಿ ಹೆಚ್ಚು ಜನರ ಬಾಯಲ್ಲಿರುವ ರಸ್ತೆಯ ಹೆಸರು ಡಿ.ವಿ.ಜಿ. ರಸ್ತೆ. ಡಿ.ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ದಾಟದವರು. ನರಸಿಂಹರಾಜ ಕಾಲೋನಿಯಲ್ಲಿ 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿ, ಎಂ.ಎ. ಮಾಡಿದವರನ್ನೆಲ್ಲ ಎದುರಿಗೆ ಕೂರಿಸಿಕೊಂಡು ಪಾಠ ಹೇಳಿದರು. ಪರೀಕ್ಷೆಯ ಫಲಿತಾಂಶ ಬಂದ ದಿನ ಬಸವನಗುಡಿಯ ತಾಯಂದಿರು ಮಕ್ಕಳಿಗೆ ಇದನ್ನು ನೆನಪಿಸುವುದಿಲ್ಲ, ಅದು ಬೇರೆ ಮಾತು.

ಫಲಿತಾಂಶದ ಮಾತು ಬಂದದ್ದರಿಂದ ಫ್ಲೆಕ್ಸುಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಊರಿನ ಕಾಂಪೌಂಡುಗಳ ಮೇಲೆ ಸ್ಟಾಂಪ್ ಸೈಜಿನ ಮುಖಗಳು ಸಾಲುಗಟ್ಟುತ್ತವೆ, ಕೆಳಗೆ 625ಕ್ಕೆ ಇಷ್ಟು ಎಂದು. ನಡುವೆ ಆಡಳಿತ ಮಂಡಳಿಯ ಅಧ್ಯಕ್ಷರು, ಮೇಲೆ ಎಡಬಲಕ್ಕೆ ಶಾಸಕರು, ಕಾರ್ಪೊರೇಟರಾಗಿದ್ದವರು, ಆಗಬೇಕೆಂದಿರುವವರು. ಗಣಿತದ ಟೀಚರಮ್ಮನ ಫೋಟೋ ಇರುವ ಫ್ಲೆಕ್ಸು ನನ್ನ ಕಣ್ಣಿಗೆ ಬಿದ್ದಿಲ್ಲ. ಹಿಂದುಳಿದ ಮಕ್ಕಳನ್ನು ಶಾಲೆ ಬಿಟ್ಟ ಮೇಲೆ ಕೂರಿಸಿಕೊಂಡು ಪಾಸಿನ ಗಡಿ ದಾಟಿಸಿದ ಮೇಷ್ಟ್ರಿಗಂತೂ ಯಾವ ಹಾರವೂ ಇಲ್ಲ. ತೊಂಬತ್ತು ಬರುವ ಹುಡುಗನಿಗೆ ತೊಂಬತ್ತೆಂಟು ತರಿಸುವುದಕ್ಕಿಂತ ಅದು ಕಷ್ಟದ ಕೆಲಸ ಎಂದು ಮೇಷ್ಟ್ರುಗಿರಿ ಮಾಡಿದ ಯಾರನ್ನು ಕೇಳಿದರೂ ಹೇಳುತ್ತಾರೆ.

ಆಟದ ಮಾತಿಗೆ ಬಂದರೆ ನ್ಯಾಷನಲ್‌ನವರ ಎದೆ ಉಬ್ಬುತ್ತದೆ. ಬಿ.ಎಸ್. ಚಂದ್ರಶೇಖರ್ ನ್ಯಾಷನಲ್ ಶಾಲೆಯ ವಿದ್ಯಾರ್ಥಿ. ಎಳೆಯ ವಯಸ್ಸಿನಲ್ಲಿ ಪೋಲಿಯೋ ಬಂದು ಸೊರಗಿದ ಬಲಗೈಯಲ್ಲೇ ಲೆಗ್ ಸ್ಪಿನ್ ಹಾಕಿ ಟೆಸ್ಟಿನಲ್ಲಿ 242 ವಿಕೆಟ್ ಕಿತ್ತರು. 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ ಆರು ವಿಕೆಟ್ ತೆಗೆದು ಭಾರತಕ್ಕೆ ಇಂಗ್ಲೆಂಡಿನ ನೆಲದ ಮೊದಲ ಟೆಸ್ಟ್ ಗೆಲುವು ತಂದುಕೊಟ್ಟರು. ಒಂದು ತಲೆಮಾರಿನ ನಂತರ ನ್ಯಾಷನಲ್ ಹೈಸ್ಕೂಲಿನಿಂದಲೇ ಇನ್ನೊಬ್ಬ ಲೆಗ್ ಸ್ಪಿನ್ನರ್, ಅನಿಲ್ ಕುಂಬ್ಳೆ. 1999ರ ಫೆಬ್ರವರಿಯಲ್ಲಿ ದೆಹಲಿಯ ಕೋಟ್ಲಾ ಮೈದಾನದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ಟುಗಳನ್ನು 74 ರನ್ನಿಗೆ ಉರುಳಿಸಿದವರು, ಒಟ್ಟು ಲೆಕ್ಕ 619. ಕುಂಬ್ಳೆ ಎಂಜಿನಿಯರಿಂಗ್ ಕೂಡ ಮುಗಿಸಿಕೊಂಡರು ಎನ್ನುವುದನ್ನು ಬಸವನಗುಡಿಯ ಹಿರಿಯರು ಆ ಹತ್ತು ವಿಕೆಟ್ಟಿನಷ್ಟೇ ಗಟ್ಟಿಯಾಗಿ ಹೇಳುತ್ತಾರೆ. ವಿಕೆಟ್ ಬೀಳದಿದ್ದರೂ ಡಿಗ್ರಿ ಇರಲಿ ಎನ್ನುವ ಊರು ಇದು.

ಹೈಸ್ಕೂಲಿನ ಮೈದಾನ ಹುಡುಗರಿಗಷ್ಟೇ ಸೇರಿದ್ದಲ್ಲ. ಪಕ್ಕದ ಚಾಮರಾಜಪೇಟೆಯಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾಯರು 1939ರಲ್ಲಿ ಶುರುಮಾಡಿದ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಕಚೇರಿಗಳು ಫೋರ್ಟ್ ಹೈಸ್ಕೂಲಿನ ಮೈದಾನಕ್ಕೆ ಬಂದು ನೆಲೆನಿಂತವು. ಹಗಲು ಕಬಡ್ಡಿ ಆಡುವ ಮಣ್ಣಿನ ಮೇಲೆ ಸಂಜೆ ಪೆಂಡಾಲು. ಟಿಕೆಟ್ ಕೊಳ್ಳಲಾಗದವರು ಬೇಲಿಯಾಚೆ ಫುಟ್‌ಪಾತಿನಲ್ಲಿ ಕೂತು ಕೇಳಿದರು.

ಎಚ್ಚೆನ್ ಕಥೆ ಅರ್ಧಕ್ಕೆ ನಿಂತಿದೆ. 1946ರಲ್ಲಿ ಅವರು ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರಾದರು, 1960ರಲ್ಲಿ ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ತಂದರು, ಪ್ರಿನ್ಸಿಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿ ದೇಶವೆಲ್ಲ ಮಾತಾಡುವಂತೆ ಮಾಡಿದರು. ಮದುವೆಯಾಗಲಿಲ್ಲ, ಮನೆ ಕಟ್ಟಲಿಲ್ಲ. ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲೇ ದಶಕಗಳ ಕಾಲ ಇದ್ದರು. ಹಾಸ್ಟೆಲಿನ ಹುಡುಗನಾಗಿ ಊರಿಗೆ ಬಂದವರು ಹಾಸ್ಟೆಲಿನ ಹುಡುಗನಾಗಿಯೇ ಉಳಿದರು ಎನ್ನಬೇಕು. ತಮ್ಮ ಬದುಕಿನ ಕಥೆಗೆ ಅವರಿಟ್ಟ ಹೆಸರು ‘ಹೋರಾಟದ ಹಾದಿ’.

ನ್ಯಾಷನಲ್ ಎಜುಕೇಷನ್ ಸೊಸೈಟಿಯ ಚುಕ್ಕಾಣಿ ಅವರ ಕೈಯಲ್ಲಿದ್ದ ಕಾಲದಲ್ಲಿ ಸಂಸ್ಥೆ ಬಸವನಗುಡಿ ಜಯನಗರಗಳಲ್ಲಿ ಇನ್ನಷ್ಟು ಮಹಡಿ ಎಬ್ಬಿಸಿ ಸುಮ್ಮನಿರಬಹುದಾಗಿತ್ತು. ಅದರ ಬದಲು ಗೌರಿಬಿದನೂರಿನಲ್ಲೂ ಬಾಗೇಪಲ್ಲಿಯಲ್ಲೂ ಕಾಲೇಜು ಶುರುವಾದವು. ಮಳೆ ಕೈಕೊಡುವ, ಆಂಧ್ರದ ಗಡಿಗೆ ಅಂಟಿಕೊಂಡ, ಬೆಂಗಳೂರಿನ ದಾನಿಗಳು ತಿರುಗಿಯೂ ನೋಡದ ತಾಲ್ಲೂಕುಗಳು ಅವು. ಬಸವನಗುಡಿಯಲ್ಲಿ ಅವರು 1962ರಲ್ಲಿ ಶುರುಮಾಡಿದ ಬೆಂಗಳೂರು ಸೈನ್ಸ್ ಫೋರಂ ಬುಧವಾರದ ಉಪನ್ಯಾಸಗಳನ್ನು ಏರ್ಪಡಿಸುತ್ತ ಬಂತು, ಜುಲೈ ತಿಂಗಳಿಡೀ ವಿಜ್ಞಾನದ ಉತ್ಸವ ಮಾಡಿತು. ಟಿಕೆಟ್ ಇಲ್ಲ, ಪಾಸ್ ಇಲ್ಲ. ಯಾರು ಬೇಕಾದರೂ ಬಂದು ಕೂರಬಹುದು. 2005ರ ಜನವರಿ 31ರಂದು ಎಚ್ಚೆನ್ ತೀರಿಕೊಂಡರು. 2017ರಲ್ಲಿ ಕಾಲೇಜಿನ ಬಳಿ ಮೆಟ್ರೊ ನಿಲ್ದಾಣ ತೆರೆದಾಗ ಅದಕ್ಕೆ ನ್ಯಾಷನಲ್ ಕಾಲೇಜು ಎಂದೇ ಹೆಸರಿಟ್ಟರು. ಹೊಸೂರಿನ ಕಡೆಯಿಂದ ಬರುವ ಹುಡುಗರು ಈಗ ಅಲ್ಲಿ ಇಳಿಯುತ್ತಾರೆ.